ತಂತಿಯಲ್ಲಿ ಹೆಣೆದ ನೆನಪು

ಕೀರ್ತಿಯ ಕೈಯಲ್ಲಿದ್ದ ಕಟರಿನ ಬಾಯೊಳಗೆ ಕೂದಲಿನಷ್ಟು ತೆಳ್ಳಗಿನ ತಾಮ್ರದ ತಂತಿಯೊಂದು ಸಿಕ್ಕಿಕೊಂಡಿತ್ತು. ಅದುಮಿದರೆ ಸಾಕು, ಇನ್ನರ್ಧ ಗಂಟೆಯಲ್ಲಿ ಪ್ರಿನ್ಸಿಪಾಲರ ಮುಂದೆ ಈ ಹಳೇ ಆಫೀಸ್ ಕ್ಯಾಲ್ಕುಲೇಟರ್ ತಪ್ಪು ಲೆಕ್ಕ ತೋರಿಸುತ್ತಿತ್ತು, ಮಧುಶ್ರೀಯ ಮುಖ ಸಪ್ಪಗಾಗುತ್ತಿತ್ತು.

ಸೋಲದೇವನಹಳ್ಳಿಯ ಕಾಲೇಜಿನ ಮ್ಯೂಸಿಯಮ್ಮಿಗೆಂದು ಗುಜರಿಯಿಂದ ಈ ಯಂತ್ರವನ್ನು ಹೊತ್ತು ತಂದವಳು ಕೀರ್ತಿ. ಇದರ ಮೆಮೊರಿ ಚಿಪ್ ಎಲ್ಲಿದೆ ಎಂದು ತಿಂಗಳುಗಟ್ಟಲೆ ತಡಕಾಡಿದವಳೂ ಅವಳೇ. ಮೊನ್ನೆ ಮೊನ್ನೆ ಲ್ಯಾಬಿಗೆ ಸೇರಿದ ಮಧುಶ್ರೀ ಒಮ್ಮೆ ಬಗ್ಗಿ ನೋಡಿ, "ಚಿಪ್ಪೇ ಇಲ್ಲ ಕಣಕ್ಕ! ಈ ತಂತಿಗಳೇ ಮೆಮೊರಿ. ತಂತಿ ಈ ಪುಟ್ಟ ಕಾಂತದ ಉಂಗುರದೊಳಗೆ ತೂರಿದ್ರೆ ಒಂದು, ಪಕ್ಕದಲ್ಲಿ ಹೋದ್ರೆ ಸೊನ್ನೆ. ಯಾರೋ ಕೂತು ಹೆಣೆದಿದಾರೆ," ಎಂದುಬಿಟ್ಟಿದ್ದಳು; ಯಂತ್ರವನ್ನು ರಿಪೇರಿ ಮಾಡಿದವಳೂ ಅವಳೇ. ಅಂದಿನಿಂದ ಎಲ್ಲರ ಬಾಯಲ್ಲೂ ಮಧುಶ್ರೀ, ಮಧುಶ್ರೀ.

ಬಾಗಿಲು ತಳ್ಳಿಕೊಂಡು ಅವಳೇ ಬಂದಳು, ಎರಡು ಲೋಟ ಟೀ ಹಿಡಿದು. ಕೀರ್ತಿ ಬಗ್ಗಿರುವುದನ್ನು ಕಂಡು ಲ್ಯಾಂಪನ್ನು ಅವಳತ್ತ ತಿರುಗಿಸಿದಳು. "ಬೆಳಕಿಲ್ದೆ ಕಣ್ಣು ಹಾಳ್ಮಾಡ್ಕೋಬೇಡಿ ಅಕ್ಕ. ನಿಮ್ದು ಸಕ್ಕರೆ ಕಮ್ಮಿದು. ಆಮೇಲೆ, ಸ್ವಿಚ್ ನೀವೇ ಹಾಕ್ಬೇಕು. ನೀವು ತರ್ದೇ ಇದ್ದಿದ್ರೆ ಇದು ಕರಗಿಹೋಗಿರ್ತಿತ್ತು ಅಂತ ಪ್ರಿನ್ಸಿಪಾಲ್‌ಗೆ ಹೇಳ್ಬಂದೆ."

ಕಟರ್ ತಂತಿಯನ್ನು ಬಿಟ್ಟಿತು. ಹೊಟ್ಟೆಕಿಚ್ಚು ಮಾತ್ರ ಕೀರ್ತಿಯನ್ನು ಬಿಡಲಿಲ್ಲ. ಇದುವರೆಗೆ ಈ ಹುಡುಗಿಯ ಜಾಣತನ ಕಂಡು ಉರಿಯುತ್ತಿದ್ದವಳು, ಈಗ ಅವಳ ಒಳ್ಳೆಯತನಕ್ಕೂ ಉರಿಯುತ್ತಾ ಟೀ ಕುಡಿದಳು.