ವಿಷ ಓದಿದ ಹುಡುಗಿ

ವಿಷಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದ ಸುಚರಿತಾಳನ್ನು ನೋಡಲು ದೂರದ ಊರಿನಿಂದ ಗಂಡಿನವರು ಬಂದಿದ್ದರು. "ಏನು ಓದ್ತಿದೀಯ ಅಂತ ಕೇಳಿದ್ರೆ ಕೆಮಿಸ್ಟ್ರಿ ಅನ್ನು, ಸಾಕು" ಎಂದು ಅಮ್ಮ ಮೊದಲೇ ಹೇಳಿಕೊಟ್ಟಿದ್ದಳು. ಆದರೆ ಸುಳ್ಳು ಹೇಳಿ ಮದುವೆಯಾಗಲು ಅವಳಿಗೆ ಮನಸ್ಸಿರಲಿಲ್ಲ.

"ವಿಷಗಳ ಬಗ್ಗೆ ಓದ್ತಿದೀನಿ" ಎಂದಳು.

"ಹಾಗಾದ್ರೆ ನಿಮ್ಮ ಕೈಯಡುಗೆ ಹುಷಾರಾಗಿ ಉಣ್ಬೇಕು" ಎಂದ ಹುಡುಗ. ಎಲ್ಲರೂ ನಕ್ಕರು. ಅವನ ತಾಯಿ ಮಾತ್ರ ನಗಲಿಲ್ಲ. ಆಕೆಯ ಕೈಯಲ್ಲಿದ್ದ ಕಾಫಿ ಹಾಗೇ ಆರಿಹೋಯಿತು.

ಸ್ವಲ್ಪ ಹೊತ್ತಿಗೆ ಆಕೆ ಕೈ ತೊಳೆಯಬೇಕೆಂದು ಎದ್ದರು. ಸುಚರಿತಾ ಹಿತ್ತಲಿಗೆ ಕರೆದೊಯ್ದಳು. ಈ ಸಂಬಂಧ ಮುರಿದ ಹಾಗೇ ಎಂದು ಅವಳಿಗೆ ಅನ್ನಿಸಿತ್ತು.

"ನನ್ನ ಓದು ನಿಮಗೆ ಇಷ್ಟ ಆಗ್ಲಿಲ್ಲ ಅನ್ಸುತ್ತೆ."

ಆಕೆ ದನಿ ತಗ್ಗಿಸಿ, "ಸತ್ತವರ ಕೂದಲು ನೋಡಿದ್ರೂ ವಿಷ ಹಾಕಿದ್ದು ಗೊತ್ತಾಗುತ್ತಂತೆ, ನಿಜವೇನಮ್ಮಾ?" ಎಂದರು.

"ಕೆಲವು ವಿಷ ಗೊತ್ತಾಗುತ್ತೆ, ವರ್ಷಗಳು ಕಳೆದಿದ್ರೂನೂ. ಆದ್ರೆ ನೀವು ಹೆದರ್ಬೇಡಿ. ನಾನು ಓದ್ತಿರೋದು ಜನರನ್ನ ಉಳಿಸೋಕೆ."

"ನಿನ್ನ ಓದು ಏನಂತ ಮೊದಲೇ ವಿಚಾರಿಸಿದ್ದೆ, ಅದಕ್ಕೇ ಹುಡುಕಿಕೊಂಡು ಬಂದೆ" ಎಂದರು ಆಕೆ. ಮಗ ಕೂತಿದ್ದ ಕೋಣೆಯ ಕಡೆ ಒಮ್ಮೆ ತಿರುಗಿ ನೋಡಿ, ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಪುಟ್ಟ ಬಟ್ಟೆಯ ಗಂಟನ್ನು ತೆಗೆದು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

"ಇದು ಅವನ ಮೊದಲನೇ ಹೆಂಡ್ತಿ ಕೂದಲು. ಪರೀಕ್ಷೆ ಮಾಡಿ ನೋಡು ತಾಯಿ, ಆಮೇಲೆ ಒಪ್ಪಿಗೆ ಹೇಳು."