ಸಿಪ್ಪೆ ರಾಶಿಯ ಆನೆ

ಆನೆ ಮತ್ತೆ ಬಂದಿತ್ತು.

ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಯ ಹಿಂದಿನ ಇಳಿಜಾರಿನ ತುಂಬ ಸಿಪ್ಪೆ ರಾಶಿ ಬಿದ್ದಿತ್ತು. ಅದರ ನೆತ್ತಿಯಿಂದ ಬುಡದವರೆಗೆ ನುಣುಪಾದ ಒಂದು ಜಾಡು. ಹಿಂದಿನ ಸಂಜೆ ತೋಟದ ಮಾಲೀಕ ಶಶಿಕಿರಣ್ ತಾನೇ ಗೋರುಮಣೆ ಎಳೆದು ಆ ರಾಶಿಯನ್ನು ಸಮ ಮಾಡಿ ಹೋಗಿದ್ದ.

ಫಾರೆಸ್ಟ್ ವಾಚರ್ ಗಿಡ್ಡಪ್ಪ ಕುಕ್ಕರಗಾಲಲ್ಲಿ ಕೂತು ಜಾಡು ನೋಡಿದ.

“ಕೂತು ಜಾರಿದೆ ಸಾರ್. ಮರಿ ಇರ್ಬೇಕು, ಅಗಲ ಕಮ್ಮಿ.”

“ಹೆಜ್ಜೆ ಎಲ್ಲಯ್ಯಾ?” ಎಂದ ಶಶಿಕಿರಣ್.

“ಜಾರುವಾಗ ಯಾರು ಸಾರ್ ಹೆಜ್ಜೆ ಇಡ್ತಾರೆ?”

ಊರಿನ ವಾಟ್ಸಾಪ್ ಗುಂಪಿಗೆ ಆನೆ ಸಂದೇಶ ಹೋಯಿತು. ಕೊಯ್ಲಿನವರು ಪಲ್ಪರ್ ಮನೆಯ ಕಡೆ ತಲೆ ಹಾಕುವುದನ್ನೇ ಬಿಟ್ಟರು. ಶಶಿಕಿರಣನಿಗೆ ಅದೇ ಬೇಕಿತ್ತು. ಸಂಜೆ ಆಳುಗಳೆಲ್ಲ ತಮ್ಮ ಲೈನುಮನೆಗಳಿಗೆ ಹೋದ ಮೇಲೆ ಅವನು ಗೋಣಿಚೀಲಗಳ ಹಿಂದಿನಿಂದ ಸ್ನೋಬೋರ್ಡ್ ಎಂಬ ಹಿಮಜಾರು ಹಲಗೆಯನ್ನು ಎಳೆದು, ಎರಡೂ ಪಾದಗಳನ್ನು ಅದಕ್ಕೆ ಬಿಗಿದುಕೊಂಡು, ಸಿಪ್ಪೆಯ ಮೇಲೆ ಬೀಳುತ್ತಿದ್ದ.

ಇಳಿಯುತ್ತಿದ್ದ ಎನ್ನಲಾಗದು. ಬೀಳುತ್ತಿದ್ದ.

ಐವತ್ತನಾಲ್ಕನೆಯ ವಯಸ್ಸಿನಲ್ಲಿ ಇದು ಬೇಕಿತ್ತೇ? ಬೇಕಿತ್ತು. ಮೂಡಿಗೆರೆಯ ಬೆಳೆಗಾರರ ಸಂಘದ ಅಧ್ಯಕ್ಷಗಿರಿಯ ಮೇಲೆ ಅವನು ಕಣ್ಣಿಟ್ಟು ವರ್ಷಗಳಾಗಿದ್ದವು. ಮಹಾಸಭೆಯ ಊಟದಲ್ಲಿ, ಸ್ವಿಟ್ಜರ್ಲೆಂಡಿನ ಹಿಮದ ಮೇಲೆ ತಾನು ಹಲಗೆ ಕಟ್ಟಿಕೊಂಡು ಬೆಟ್ಟ ಇಳಿದ ಕಥೆಯನ್ನು ನಾಲ್ಕನೇ ಸಲ ಹೇಳಿದ್ದ. ನಿಜದಲ್ಲಿ ಅವನು ಅಲ್ಲಿ ಕಿಟಕಿ ಪಕ್ಕ ಕೂತು ಸೂಪು ಕುಡಿದು ಬಂದಿದ್ದ. ಅದೇ ಕುರ್ಚಿಯ ಮೇಲೆ ಆಸೆಯಿದ್ದ ಸಂಸೆಯ ದಿಲೀಪ್ ಸುಮ್ಮನಿರಲಿಲ್ಲ.

“ಅದೆಂತ ಮಹಾ ಮಾರಾಯ! ನಾನೂ ಇಳಿದಿದ್ದೇನೆ. ಈ ಸಲ ಸಂಘದ ಟೂರು ಜಾರ್ಜಿಯಾಕ್ಕೆ ತಾನೇ? ಅಲ್ಲಿ ಬೆಟ್ಟದ ಮೇಲಿಂದ ಯಾರು ಬೀಳದೆ ಮೊದಲು ಕೆಳಗೆ ಮುಟ್ತಾರೋ ಅವರೇ ಅಧ್ಯಕ್ಷರು. ಉಳಿದವರು ನಾಮಪತ್ರ ಹಾಕೋದು ಬೇಡ.”

ಸಭೆ ಮೇಜು ಕುಟ್ಟಿ ಒಪ್ಪಿತು. ಹಿಂದಿನ ಸಾಲಿನಿಂದ ಶಶಿಕಿರಣನ ಹೆಂಡತಿ ಕುಸುಮಾ ಎದ್ದು ನಿಂತಳು. ತೋಟ ಜಂಟಿ ಹೆಸರಿನಲ್ಲಿದ್ದುದರಿಂದ ಅವಳೂ ಸದಸ್ಯೆ.

“ಈ ಮಾತು ಎಲ್ಲ ಸದಸ್ಯರಿಗೂ ಅನ್ವಯವಾ?”

“ಎಲ್ಲರಿಗೂ ಅಕ್ಕಾ!” ದಿಲೀಪ್ ಎದೆ ಸೆಟೆಸಿದ. “ನನಗೂ ಅಷ್ಟೇ, ನಿಮ್ಮ ಯಜಮಾನರಿಗೂ ಅಷ್ಟೇ.”

ಹಾಗಾಗಿ ಈ ಸಿಪ್ಪೆ. ಹಿಮದಷ್ಟೇ ಜಾರುತ್ತದೆ, ವಾಸನೆಯೊಂದು ಹೆಚ್ಚು. ಸ್ನಾನದ ಮನೆಯಲ್ಲಿ ಹುಳಿ ನಾತ ಹೋಗುತ್ತಲೇ ಇರಲಿಲ್ಲ. ಅದು ತನ್ನ ಮೈಯದೇ ಎಂದು ಅವನು ಎರಡು ಸಲ ಸೋಪು ಹಚ್ಚುತ್ತಿದ್ದ. ನೋವಿನ ಎಣ್ಣೆಯ ಬಾಟಲಿ ಲೆಕ್ಕ ತಪ್ಪಿ ಖಾಲಿಯಾಗುತ್ತಿತ್ತು. ಹಲಗೆಯ ಪಟ್ಟಿಗಳು ಪ್ರತಿ ಸಂಜೆ ಅವನ ಪಾದಕ್ಕೆ ಬಿಗಿಯಾಗಿರುತ್ತಿದ್ದವು. ಚಳಿಗೆ ಪ್ಲಾಸ್ಟಿಕ್ ಕುಗ್ಗುತ್ತದೆ ಎಂದುಕೊಂಡು ಸಡಿಲಿಸುತ್ತಿದ್ದ.

ಹೊಟ್ಟೆ ಉರಿಸಿದ್ದು ಆನೆ. ಅದರ ಜಾಡು ದಿನೇ ದಿನೇ ಚೆಂದವಾಗುತ್ತಿತ್ತು. ಮೊದಲು ಸೊಟ್ಟಗಿದ್ದದ್ದು ಜನವರಿಯ ಹೊತ್ತಿಗೆ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಬಳುಕಿ ಇಳಿಯತೊಡಗಿತ್ತು. ತನ್ನ ಜಾಡು ಹಂದಿ ಹೊರಳಿದಂತಿತ್ತು.

“ನೀನು ಆ ಕಡೆ ಹೋಗಬೇಡ,” ಎಂದು ಒಂದು ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಎಚ್ಚರಿಸಿದ. “ನಾನು ಮೂಡಿಗೆರೆಗೆ ಹೋದಾಗಲೇ ಬರ್ತದೆ ಅದು, ಹಾಡುಹಗಲಲ್ಲಿ.”

“ಬರಲಿ ಬಿಡಿ. ಪಾಪ, ಏನೋ ಕಲೀತಾ ಇದೆ,” ಎಂದು ಕುಸುಮಾ ಅವನ ತಟ್ಟೆಗೆ ಇನ್ನೊಂದು ಕಡುಬು ಹಾಕಿದಳು. “ನೀವು ದಿನಾ ಸಂಜೆ ಹೋಗ್ತೀರಲ್ಲ, ನಿಮಗೆ ಹೆದರಿಕೆ ಇಲ್ವಾ?”

“ಸಿಪ್ಪೆ ಹೊಂಡದ ನೀರು ನೋಡಬೇಕಲ್ಲ.”

“ನೋಡಿ, ನೋಡಿ. ಸೊಂಟ ಜೋಪಾನ.”

ಕೊಯ್ಲು ಮುಗಿದು ಸಂಘ ಜಾರ್ಜಿಯಾದ ಹಿಮದ ಬೆಟ್ಟದೂರು ಗುಡೌರಿಗೆ ಬಂದಿಳಿಯಿತು. ಸ್ಪರ್ಧೆಯ ಬೆಳಿಗ್ಗೆ ಸದಸ್ಯರೆಲ್ಲ ಮಂಕಿಕ್ಯಾಪು ಹಾಕಿಕೊಂಡು ಬೆಟ್ಟದ ಬುಡದಲ್ಲಿ ಫೋನು ಹಿಡಿದು ನಿಂತರು. ತೀರ್ಪುಗಾರ್ತಿ ಸಂಘದ ಕಾರ್ಯದರ್ಶಿ ಅರ್ಚನಾ.

“ನೀವು ಹೋಗಿ. ನಾನು ಕೆಳಗೆ ಸಿಕ್ತೀನಿ,” ಎಂದು ಕುಸುಮಾ ಗಂಡನ ಮಫ್ಲರ್ ಸರಿಮಾಡಿದಳು.

ಕೇಬಲ್ ಕಾರು ಶಶಿಕಿರಣ್, ದಿಲೀಪ್ ಇಬ್ಬರನ್ನೂ ಮೇಲೆ ಇಳಿಸಿತು. ಶಶಿಕಿರಣ್ ಅಂಚಿಗೆ ಬಂದು ಕೆಳಗೆ ನೋಡಿದ. ಬೆಟ್ಟ ಅವನ ಕಾಲ್ಬೆರಳಿನ ಹತ್ತಿರವೇ ಮುಗಿದಿತ್ತು. ಆಚೆಗೆ ಬರೀ ಬಿಳುಪು, ಅದರ ತಳದಲ್ಲಿ ಇರುವೆಗಳಂತೆ ಸಂಘ. ಅಧ್ಯಕ್ಷನ ಕುರ್ಚಿ ನೆನಪಾಯಿತು. ಆದರೂ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಪಕ್ಕಕ್ಕೆ ತಿರುಗಿದರೆ ದಿಲೀಪ್ ಹಿಮದಲ್ಲಿ ಕೂತುಬಿಟ್ಟಿದ್ದ.

“ನೀನು ನಿಜವಾಗ್ಲೂ ಇಳಿದಿದ್ಯಾ ಮಾರಾಯ?”

“ಸೂಪು ಕುಡಿದಿದ್ದೆ. ನೀನು?”

“ಟಿವಿಯಲ್ಲಿ ನೋಡಿದ್ದೆ.”

ಹಿಂದೆ ಇನ್ನೊಂದು ಕೇಬಲ್ ಕಾರು ಬಂದು ಯಾರನ್ನೋ ಇಳಿಸಿ ಹೋಯಿತು. ದಿಲೀಪ್ ಪ್ಯಾಂಟಿನ ಹಿಮ ಕೊಡವಿಕೊಂಡು ಎದ್ದ. “ಮೇಲೆ ಗಾಳಿ ಜೋರಿತ್ತು, ಇಳಿಯೋಕೆ ಬಿಡಲಿಲ್ಲ ಅನ್ನೋಣ. ಒಂದು ವರ್ಷ ನೀನು, ಒಂದು ವರ್ಷ ನಾನು.”

ಕೈ ಕುಲುಕಿ ಮತ್ತೆ ಕೇಬಲ್ ಕಾರು ಹತ್ತಿದರು. ಅರ್ಧ ದಾರಿಯಲ್ಲಿ, ಕೆಳಗಿನ ಇಳಿಜಾರಿನಲ್ಲಿ, ನೀಲಿ ಜಾಕೆಟ್ಟಿನ ಸವಾರನೊಬ್ಬ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಬಳುಕುತ್ತ ಅವರನ್ನು ಹಿಂದಿಕ್ಕಿ ಹೋದ.

“ಎಷ್ಟು ಸಲೀಸು ನೋಡು!” ಎಂದ ದಿಲೀಪ್.

“ಇಲ್ಲಿಯವರಿಗೆ ರಕ್ತದಲ್ಲೇ ಬಂದಿರ್ತದೆ,” ಎಂದು ಶಶಿಕಿರಣ್ ನಿಟ್ಟುಸಿರಿಟ್ಟ. “ನಮ್ಮ ಮೂಡಿಗೆರೆಯವರ ಕೈಲಿ ಆಗೋ ಕೆಲಸವಲ್ಲ.”

ಕೆಳಗಿಳಿದು ಬಾಗಿಲು ತೆರೆಯುತ್ತಲೇ ಚಪ್ಪಾಳೆ ಕೇಳಿಸಿತು. ಗಾಳಿಯ ಮಾತು ಹೇಳಲು ಶಶಿಕಿರಣ್ ಬಾಯಿ ತೆರೆದ. ಯಾರೂ ಅವನತ್ತ ನೋಡುತ್ತಿರಲಿಲ್ಲ. ಸಂಘವೆಲ್ಲ ಆ ನೀಲಿ ಜಾಕೆಟ್ಟನ್ನು ಮುತ್ತಿಕೊಂಡಿತ್ತು. ಅರ್ಚನಾ ಅದರ ಕೈ ಹಿಡಿದು ಮೇಲೆತ್ತಿದ್ದಳು.

ಹೆಲ್ಮೆಟ್ ಕಳಚಿ, ಜಡೆಯನ್ನು ಬೆನ್ನಿಗೆ ಎಸೆದುಕೊಂಡು ಕುಸುಮಾ ಗಂಡನಿಗೆ ಹೇಳಿದಳು: “ರೀ, ಎಲ್ಲರಿಗೂ ಕಾಫಿ ಹೇಳಿ ಬನ್ನಿ. ಅಧ್ಯಕ್ಷರು ಹೇಳಿದ್ರು ಅನ್ನಿ.”