ಎಡಮುಖದ ಕಣಕ

ಗುಂ ಎನ್ನಬೇಕಾದ ಪಖವಾಜ ಟಪ್ ಎಂದಿತು.

ಮಠದಲ್ಲಿ ಭಜನೆ ಅರ್ಧಕ್ಕೆ ನಿಂತಿತು. ಪೇಟಿ ನುಡಿಸುತ್ತಿದ್ದ ಮೇಳದ ಹಿರಿಯ ಮಲ್ಲೇಶಪ್ಪ, ಅಂದಾನಪ್ಪನ ಕಡೆ ತಿರುಗಿದ.

“ಪಖವಾಜ ಬಾರಸಾಕತ್ತೀಯೋ, ಸಗಣಿ ಕುಳ್ಳ ಬಡಿಯಾಕತ್ತೀಯೋ?”

ಎಲ್ಲರೂ ನಕ್ಕರು. ಅಂದಾನಪ್ಪ ಪಖವಾಜದ ಎಡಮುಖವನ್ನು ತಡವಿ ನೋಡಿದ. ಸಂಜೆ ಅವನೇ ಕೈಯಾರೆ ಮೆತ್ತಿದ್ದ ಗೋಧಿ ಕಣಕದಲ್ಲಿ ಅರ್ಧ ಮಾಯ. ಆ ಒದ್ದೆ ಹಿಟ್ಟು ದಪ್ಪಗಿದ್ದರೇ ಗುಂಕಾರ, ಇಲ್ಲದಿದ್ದರೆ ಬರೀ ತೊಗಲು. ಹೋದ ಸೋಮವಾರವೂ ಹೀಗೇ ಆಗಿತ್ತು. ಆಗ ಇಲಿ ಎಂದುಕೊಂಡಿದ್ದ. ಈಗ ನೋಡಿದರೆ ಉಳಿದ ಹಿಟ್ಟಿನ ಮೇಲೆ ಮೂರು ಬೆರಳಿನ ಗೀರು.

“ಮುಂದಿನ ಸೋಮವಾರನೂ ಹಿಂಗಾದ್ರ, ಪಖವಾಜ ಪರಶಪ್ಪ ಮಾಸ್ತರಗ,” ಎಂದ ಮಲ್ಲೇಶಪ್ಪ.

 ಗಜೇಂದ್ರಗಡದ ನೇಕಾರರ ಓಣಿಯಲ್ಲಿ ವಾರವಿಡೀ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂಡುವ ಅಂದಾನಪ್ಪನಿಗೆ, ಸೋಮವಾರದ ಈ ಒಂದು ತಾಸೇ ಹಬ್ಬ. ಅದನ್ನೂ ಕಸಿಯಲು ಹೊರಟವರು ಯಾರು?

ಹುಡುಕಬೇಕಾಗಿರಲಿಲ್ಲ. ಪರಶಪ್ಪ ಸಾಲಿ ಮಾಸ್ತರ. ಪಖವಾಜದ ಮೇಲೆ ಅವನ ಕೈಯೂ ಪಳಗಿತ್ತು. ಅಂದಾನಪ್ಪ ಕಣಕ ಮೆತ್ತಿ, ಗವಸು ಹಾಕಿ, ಹಿತ್ತಲಿಗೆ ಮೈ ತೊಳೆಯಲು ಹೋದಾಗಲೇ ಬರುತ್ತಿದ್ದ. ಬಗಲಲ್ಲಿ ಚೀಲ, ಬಾಯಲ್ಲಿ “ಪಖವಾಜ ಹೊರಾಕ ಒಂದು ಕೈ ಹಚ್ಚತೀನಿ” ಎಂಬ ಮಾತು. ಅದೂ ಈ ತಿಂಗಳಿನಿಂದ.

ಅಂದಾನಪ್ಪನ ಹೆಂಡತಿ ಬಾಣಂತನಕ್ಕೆ ಅಸೂಟಿಯ ತವರಿಗೆ ಹೋಗಿದ್ದಳು. ಮನೆಯಲ್ಲಿದ್ದವಳು ಅವ್ವ ಚೌಡವ್ವ ಒಬ್ಬಳೇ. ಆ ರಾತ್ರಿ ಮನೆಗೆ ಬಂದವನೇ ಅವಳನ್ನು ಕೇಳಿದ.

“ಯವ್ವಾ, ಮಾಸ್ತರ ಒಳಗ ಬಂದಿದ್ದನೇನ?”

“ಕಟ್ಟಿ ಮ್ಯಾಲ ಕುಂತಿದ್ದರಪ್ಪ. ನೀರು ಕೇಳಿದರು, ಕೊಟ್ಟೆ.”

“ಗೋಧಿ ಹಿಟ್ಟು ಎಷ್ಟು ಉಳದೈತಿ?”

“ಇನ್ನೊಂದು ಸಲಕ್ಕ ಆಗತೈತಿ.”

“ಜ್ವಾಳದ ಹಿಟ್ಟು ಹಚ್ಚಿದರ?”

“ಒಣಗಿದ ಕೂಡಲೇ ಉದುರತೈತಿ. ನಾ ನೋಡೀನಿ.” ಅವಳು ರೊಟ್ಟಿ ಮುಂದಿಟ್ಟಳು. “ಉಣ್ಣು ತಮ್ಮಾ. ಸಿಟ್ಟು ಪಖವಾಜದ ಮ್ಯಾಲ, ರೊಟ್ಟಿ ಮ್ಯಾಲ ಯಾಕ?”

ಅವಳ ಚಿಂತೆಯೇ ಬೇರೆ. ಮಗಳು ಹೊಳೆವ್ವನನ್ನು ಕುಷ್ಟಗಿ ಕಡೆ ಕೊಟ್ಟಿದ್ದರು. ಚಕ್ಕಡಿಯಲ್ಲಿ ಹೋದರೆ ಅರ್ಧ ದಿನದ ಹಾದಿ. ಆದರೆ ನಡುವೆ ಗಡಿ: ಇದು ಮುಂಬಯಿ ಸರಕಾರ, ಅದು ಹೈದರಾಬಾದು. “ಬಸುರಿ ಮಗಳಿಗೆ ಕುಬಸದ ಸೀರಿ ಒಯ್ದರ ನಾಕಾದಾಗ ಗಂಟು ಬಿಚ್ಚಸ್ತಾರ. ಹಡದಾಕಿ ನಾನು, ಕಳ್ಳಿ ಹಂಗ ನಿಂದರಬೇಕು,” ಎಂದು ಶುರುಮಾಡಿದಳು. ಅಂದಾನಪ್ಪ ಅರ್ಧ ಕೇಳಿ ಕೈ ತೊಳೆದ.

ಮರುದಿನ ಊರಿಗೆ ಇನ್ನೊಂದು ಸುದ್ದಿ ಸಿಕ್ಕಿತು. ಚಾವಡಿಯ ಗೋಡೆಗೆ, ಸಾಲಿಯ ಗೋಡೆಗೆ ಮತ್ತೆ ಕರಪತ್ರ: ‘ಕನ್ನಡ ನಾಡು ಒಂದಾಗಲಿ.’ ಅಂಟಿಸಿದವನಿಗಾಗಿ ಪೊಲೀಸರು ಹುಡುಕುತ್ತಿದ್ದರು. ಜನ ಮಾತ್ರ ನಗುತ್ತಿದ್ದರು, ಅರ್ಧ ಕಾಗದಗಳು ತಲೆಕೆಳಗಾಗಿದ್ದವು. ಅಂದಾನಪ್ಪನಿಗೆ ನಗುವೂ ಬರಲಿಲ್ಲ. ತಲೆಯ ತುಂಬ ಕಣಕ.

ಸೋಮವಾರ ಬಂತು. ಅವ್ವ ನೀರಿಗೆ ಹೋದಾಗ ಉಳಿದ ಹಿಟ್ಟನ್ನೆಲ್ಲ ನಾದಿದ. ನೂಲಿನ ಬಣ್ಣದ ಗಡಿಗೆಯಿಂದ ಒಂದಿಷ್ಟು ಕೆಂಪು ತೆಗೆದು ಬೆರೆಸಿದ. ಕೈಗೆ ಹತ್ತಿದರೆ ವಾರ ಬಿಡದ ಬಣ್ಣ. ಮೆತ್ತಿ, ಗವಸು ಹಾಕಿ, ಹಿತ್ತಲಿನಲ್ಲಿ ಬೇಕೆಂದೇ ತಡಮಾಡಿದ. ಬರುವಾಗ ಪರಶಪ್ಪ ಕಟ್ಟೆಯ ಮೇಲಿದ್ದ. ಅವ್ವ ಎಂದಿನಂತೆ ಮೊಣಕಾಲು ನೋವೆಂದು ಮನೆಯಲ್ಲೇ ಉಳಿದಳು.

ಮಠದಲ್ಲಿ ಎಲ್ಲರೂ ಕೂಡಲಿ ಎಂದು ಕಾದು, ಅಂದಾನಪ್ಪ ಗವಸು ತೆಗೆದ. ಅರ್ಧ ಕಣಕ ಇರಲಿಲ್ಲ.

“ಮಾಸ್ತರ, ಅಂಗೈ ತೋರಸ್ರಿ!”

ಪರಶಪ್ಪ ಎರಡೂ ಅಂಗೈ ಚಾಚಿದ. ಬೋರ್ಡಿಗೆ ಬರೆದ ಖಡುವಿನ ಬಿಳಿ ಪುಡಿ. ಕೆಂಪು ಒಂದು ಚುಕ್ಕೆಯೂ ಇಲ್ಲ.

“ನಿನ್ನ ಕಣಕ ನಾ ಮುಟ್ಟಿಲ್ಲ ಅಂದಾನಪ್ಪ, ಖರೇನ,” ಎಂದ. ಮುಂದೇನೋ ಹೇಳಹೋಗಿ ನುಂಗಿಕೊಂಡ.

“ಮಾಸ್ತರಗ ಕಳ್ಳ ಅಂತೀಯಲ್ಲೋ!” ಮಲ್ಲೇಶಪ್ಪ ಪೇಟಿ ಮುಚ್ಚಿದ. “ಏಳು ಮ್ಯಾಲ.”

ಅಂದಾನಪ್ಪ ಎದ್ದ. ಹನ್ನೆರಡು ವರ್ಷ ಕುಳಿತ ಜಾಗ. ಪಖವಾಜವನ್ನು ಅಲ್ಲೇ ಬಿಟ್ಟು ಮನೆಗೆ ಬಂದು, ಗೋಡೆಗೆ ಮುಖ ಮಾಡಿ ಮಲಗಿದ.

ಬೆಳಗ್ಗೆ ಓಣಿಯಲ್ಲಿ ಬೂಟಿನ ಸಪ್ಪಳ. ಪೊಲೀಸನ ಕೈಯಲ್ಲಿ ಚಾವಡಿಯಿಂದ ಕಿತ್ತು ತಂದ ಕರಪತ್ರ. ಅದರ ನಾಲ್ಕೂ ಮೂಲೆ ಕೆಂಪು.

“ಕೆಂಪು ಹಿಟ್ಟಿಲೆ ಅಂಟಿಸ್ಯಾನ ಮಗಾ! ಎಲ್ಲಾರೂ ಕೈ ತೋರಸ್ರಿ!”

ಅಂದಾನಪ್ಪ ಕಾಗದದ ಹತ್ತಿರ ಬಗ್ಗಿ ನೋಡಿದ. ತನ್ನದೇ ಕಣಕ! ಹಾಗಾದರೆ ಮಾಸ್ತರ? ಆದರೆ ಅವನ ಕೈ ಬಿಳಿ ಇತ್ತಲ್ಲ.

ಓಣಿಯ ಜನ ಹೊರಬಂದು ಕೈ ಚಾಚಿದರು. ಗಂಡಸರು, ಹೆಂಗಸರು, ಮುದುಕರು. ದಿನವೂ ನೂಲಿಗೆ ಬಣ್ಣ ಹಾಕುವ ಕೈಗಳು. ಎಲ್ಲವೂ ಕೆಂಪು. ಅವುಗಳ ನಡುವೆ ಚೌಡವ್ವನ ಸುಕ್ಕುಗಟ್ಟಿದ ಎರಡು ಕೈ.

“ಹಾಳಾಗಿ ಹೋಗ್ರಿ,” ಎಂದು ಪೊಲೀಸ ಕಾಗದ ಮಡಚಿದ. “ಒಂದು ಮಾತು ಮಾತ್ರ ಖರೇ. ಮ್ಯಾಲ ಯಾವುದು, ಕೆಳಗ ಯಾವುದು ತಿಳೀದ ಮಂಗ್ಯಾ ಅಂವಾ!”

ಚೌಡವ್ವನ ಮುಖ ಸಣ್ಣದಾಯಿತು. ಬೂಟಿನ ಸಪ್ಪಳ ಓಣಿ ದಾಟುವವರೆಗೆ ಕಾದು ಒಳಗೆ ಬಂದಳು. ನೂಲಿನ ಕಟ್ಟಿನ ಅಡಿಯಿಂದ ಅಂಥದೇ ಒಂದು ಕರಪತ್ರ ಎಳೆದು, ಮಗನ ಮುಂದೆ ಹಿಡಿದಳು.

“ಮಾಸ್ತರ ಎರಡು ಸಲ ತೋರಿಸಿದರು, ಮತ್ತ ಕೇಳಾಕ ನಾಚಿಕಿ. ನೀನರ ಹೇಳೋ ಅಂದಾನ, ಇದರ ತಲಿ ಯಾ ಕಡೆ?”